ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರ್: ಕಾಯಿಲ್ ಸುತ್ತಿದ್ದು, ಟ್ಯೂನ್ ಮಾಡಿದ್ದು, ಮಣ್ಣಿನ ಮೇಲೆ ಆಡಿಸಿದ್ದು

ಮೆಟಲ್ ಡಿಟೆಕ್ಟರನ್ನು ಕೈಯಾರೆ ಕಟ್ಟಲು ಹೊರಟವರು ಮೊದಲು ಹುಡುಕುವುದು ಒಂದು ಒಳ್ಳೆಯ ಸರ್ಕ್ಯೂಟ್. ಬೋರ್ಡ್ ಕೆಲಸ ಮಾಡಿತು ಅಂದರೆ ಮುಕ್ಕಾಲು ಪಾಲು ಮುಗಿಯಿತು ಅನ್ನುವ ಲೆಕ್ಕ. ಈ ಯಂತ್ರ ಕಟ್ಟಿ ಮುಗಿಸಿದ ಮೇಲೆ ನಾನು ಹೇಳುವುದು ಬೇರೆ. ಪಲ್ಸ್ ಇಂಡಕ್ಷನ್ ಡಿಟೆಕ್ಟರಿನಲ್ಲಿ ಯಾವ ನಾಣ್ಯ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅನ್ನುವುದು ಕಾಯಿಲ್‌ನಲ್ಲೇ, ಅಂದರೆ ತಂತಿ ಸುತ್ತಿದ ಉಂಗುರದಲ್ಲೇ, ತೀರ್ಮಾನವಾಗುತ್ತದೆ. ಅದರಲ್ಲೂ ಕರೆಂಟ್ ಕಡಿದ ನಂತರದ ಮೊದಲ ಹತ್ತಿಪ್ಪತ್ತು ಮೈಕ್ರೋಸೆಕೆಂಡಿನಲ್ಲಿ (ಒಂದು ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು). ಆ ಹೊತ್ತನ್ನು ಕೆಡಿಸದೆ ಇರುವುದಷ್ಟೇ ಬೋರ್ಡಿನ ಕೆಲಸ. ಹಾಗಾಗಿ ಇಲ್ಲಿ ಬೋರ್ಡಿನ ಮಾತು ಕಡಿಮೆ, ಕಾಯಿಲ್‌ನ ಮಾತು ಜಾಸ್ತಿ.

ನನಗೆ ಬೇಕಿದ್ದದ್ದು ಹಳೇ ನಾಣ್ಯ, ಅಂಗಿಯ ಗುಂಡಿ, ಬಕಲ್‌ನಂಥ ಸಣ್ಣ ವಸ್ತುಗಳನ್ನು ಒಂದು ಗೇಣು ಆಳದವರೆಗೆ ಹುಡುಕುವ ಯಂತ್ರ. ಒಂದೇ ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಆಡಿಸುವಷ್ಟು ಹಗುರ ಇರಬೇಕು. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಸುಮ್ನೆ ಕೂಗಬಾರದು.

ಪಲ್ಸ್ ಯಾಕೆ?

ಹವ್ಯಾಸಕ್ಕೆ ಬಳಸುವ ಡಿಟೆಕ್ಟರುಗಳಲ್ಲಿ ಬಿಎಫ್ಒ (ಬೀಟ್ ಫ್ರೀಕ್ವೆನ್ಸಿ ಆಸಿಲೇಟರ್) ಅನ್ನುವುದು ತೀರಾ ಸರಳ. ಎರಡು ಆಸಿಲೇಟರ್ (ಒಂದೇ ಲಯದಲ್ಲಿ ಏರಿಳಿಯುವ ಸಿಗ್ನಲ್ ಹುಟ್ಟಿಸುವ ಸರ್ಕ್ಯೂಟ್) ಇರುತ್ತವೆ, ಅವುಗಳ ಫ್ರೀಕ್ವೆನ್ಸಿಯ ವ್ಯತ್ಯಾಸ ಸ್ವರವಾಗಿ ಕೇಳುತ್ತದೆ, ಲೋಹ ಹತ್ತಿರ ಬಂದರೆ ಸ್ವರ ಬದಲಾಗುತ್ತದೆ. ಕಲಿಯಲು ಚೆನ್ನ, ಆಳಕ್ಕೆ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ವಿಎಲ್ಎಫ್ (ವೆರಿ ಲೋ ಫ್ರೀಕ್ವೆನ್ಸಿ). ಅವು ಕೆಲವು ಕಿಲೋಹರ್ಟ್ಸ್‌ನಿಂದ ಹತ್ತಾರು ಕಿಲೋಹರ್ಟ್ಸ್‌ವರೆಗಿನ ಫ್ರೀಕ್ವೆನ್ಸಿಯಲ್ಲಿ ಸತತವಾಗಿ ಸಿಗ್ನಲ್ ಕಳಿಸಿ, ವಾಪಸ್ ಬರುವ ಸಿಗ್ನಲ್‌ನ ಫೇಸ್ (ಕಳಿಸಿದ್ದಕ್ಕಿಂತ ಎಷ್ಟು ಹಿಂದುಮುಂದಾಗಿದೆ ಅನ್ನುವುದು) ನೋಡಿ ಇದು ಕಬ್ಬಿಣ, ಇದು ಬೆಳ್ಳಿ ಎಂದು ಬೇರೆ ಮಾಡುತ್ತವೆ. ಅದು ದೊಡ್ಡ ಗುಣ. ಆದರೆ ಕಳಿಸುವ ಕಾಯಿಲ್ ಮತ್ತು ಕೇಳುವ ಕಾಯಿಲ್ ಎರಡನ್ನೂ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕೂರಿಸಬೇಕು. ಮೇಜಿನ ಮೇಲೆ ಕೈಯಾರೆ ಮಾಡುವವರಿಗೆ ಅದು ಕಷ್ಟದ ಕೆಲಸ.

ಪಲ್ಸ್ ಇಂಡಕ್ಷನ್‌ನಲ್ಲಿ ಒಂದೇ ಕಾಯಿಲ್ ಸಾಕು. ಅದಕ್ಕೆ ಸ್ವಲ್ಪ ಹೊತ್ತು ಕರೆಂಟ್ ಹರಿಸಿ ಥಟ್ಟನೆ ಕಡಿಯಬೇಕು. ಕಾಂತಕ್ಷೇತ್ರ ಕುಸಿಯುವಾಗ ಹತ್ತಿರದ ಲೋಹದಲ್ಲಿ ಎಡ್ಡಿ ಕರೆಂಟ್, ಅಂದರೆ ಸುಳಿಯಂತೆ ಸುತ್ತುವ ಕರೆಂಟ್, ಹುಟ್ಟುತ್ತದೆ. ಲೋಹದೊಳಗೆ ಅದು ಕೆಲವು ಮೈಕ್ರೋಸೆಕೆಂಡಿನಿಂದ ಕೆಲವು ನೂರು ಮೈಕ್ರೋಸೆಕೆಂಡಿನವರೆಗೆ ಸುತ್ತುತ್ತಾ ಸಾಯುತ್ತದೆ. ಅದು ಸಾಯುವ ಮುಂಚೆ ಅದೇ ಕಾಯಿಲ್‌ನಿಂದ ಅದರ ಸದ್ದು ಕೇಳಿಸಿಕೊಳ್ಳಬೇಕು. ಮಣ್ಣಿನ ಕಬ್ಬಿಣದ ಅಂಶ ಈ ವಿಧಾನಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಉಪ್ಪುನೀರಿನ ದಡದಲ್ಲೂ ಇದು ಕೆಲಸ ಮಾಡುತ್ತದೆ, ಏಕೆಂದರೆ ಉಪ್ಪುನೀರಿನ ಎಡ್ಡಿ ಕರೆಂಟ್ ಬಲು ಬೇಗ ಸಾಯುತ್ತದೆ. ಕೊರತೆ ಒಂದೇ: ಮೊಳೆ ಯಾವುದು, ನಾಣ್ಯ ಯಾವುದು ಎಂದು ಇದು ಹೇಳುವುದಿಲ್ಲ. ಆ ಕೊರತೆಯನ್ನು ನಾನು ಒಪ್ಪಿಕೊಂಡೇ ಶುರುಮಾಡಿದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಕಾಯಿಲ್‌ನ ಅಗಲಕ್ಕಿಂತ ದೂರ ಹೋದ ಮೇಲೆ ಸಿಗ್ನಲ್ ದೂರದ ಆರನೇ ಘಾತಕ್ಕೆ ಬೀಳುತ್ತದೆ. ಹೋಗುವಾಗ ಮೂರನೇ ಘಾತ, ಬರುವಾಗ ಮೂರನೇ ಘಾತ. ಅಂದರೆ ಎರಡು ಪಟ್ಟು ಆಳ ಬೇಕಾದರೆ ಸಿಗ್ನಲ್ 64 ಪಟ್ಟು ಚೆನ್ನಾಗಿರಬೇಕು. ಆಂಪ್ಲಿಫೈಯರಿನ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು) ಏರಿಸಿ ಆಳ ಗಳಿಸುತ್ತೇನೆ ಅನ್ನುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು. ಗೇನ್ ಏರಿಸಿದರೆ ಗದ್ದಲವೂ ಅಷ್ಟೇ ಏರುತ್ತದೆ. ಮೂಲದಲ್ಲೇ ಸ್ವಚ್ಛ ಸಿಗ್ನಲ್ ಸಿಕ್ಕರೆ ಮಾತ್ರ ಏನಾದರೂ ದಕ್ಕುತ್ತದೆ.

ಬೋರ್ಡ್, ಚುಟುಕಾಗಿ

ಸೆಕೆಂಡಿಗೆ ಸುಮಾರು 200 ಪಲ್ಸ್, ಒಂದೊಂದೂ 100 ಮೈಕ್ರೋಸೆಕೆಂಡ್. ಟೈಮಿಂಗ್‌ಗೆ 555 ಟೈಮರುಗಳು. ಸ್ವಿಚ್ ಆಗಿ ಐಆರ್ಎಫ್740 ಮಾಸ್‌ಫೆಟ್. ಅದು 400 ವೋಲ್ಟ್ ತಡೆಯುತ್ತದೆ, ಕರೆಂಟ್ ಬೇಗ ಸಾಯಲು ಆ ವೋಲ್ಟೇಜೇ ಬೇಕು. ಮೂರು ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಬ್ಯಾಟರಿ, ಜೊತೆಗೆ ಪ್ರೊಟೆಕ್ಷನ್ ಬೋರ್ಡ್. ನನ್ನ ಕಾಯಿಲ್‌ನಲ್ಲಿ ಕರೆಂಟ್ ಪಲ್ಸ್ ಮುಗಿಯುವ ಹೊತ್ತಿಗೆ ಎರಡೂವರೆ ಆಂಪಿಯರ್ ದಾಟುತ್ತದೆ. ಆದರೆ ಶೇಕಡಾ 2ರಷ್ಟು ಹೊತ್ತು ಮಾತ್ರ ಹರಿಯುವುದರಿಂದ ಬ್ಯಾಟರಿಯಿಂದ ಸರಾಸರಿ ಎಳೆಯುವುದು ಹತ್ತಾರು ಮಿಲಿಆಂಪಿಯರ್ ಅಷ್ಟೇ. ಮಾಸ್‌ಫೆಟ್‌ನ ಪಕ್ಕದಲ್ಲೇ ಒಂದು 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ. ಪಲ್ಸಿನ ಕರೆಂಟನ್ನು ಅದೇ ಕೊಡುತ್ತದೆ, ಬ್ಯಾಟರಿ ತಂತಿಯಲ್ಲಿ ಏರಿಳಿತ ಕಡಿಮೆ.

ಕರೆಂಟ್ ಕಡಿದ ಕ್ಷಣ ಕಾಯಿಲ್‌ನ ತುದಿಯಲ್ಲಿ 400 ವೋಲ್ಟ್ ಎದ್ದು ನಿಲ್ಲುತ್ತದೆ. ಅದು ಎರಡು ಮೈಕ್ರೋಸೆಕೆಂಡಿನಷ್ಟು ಇರುತ್ತದೆ, ಆಮೇಲೆ ಬೀಳುತ್ತದೆ. ನಮಗೆ ಬೇಕಾದ ನಾಣ್ಯದ ಸಿಗ್ನಲ್ ಮೈಕ್ರೋವೋಲ್ಟಿನ ಲೆಕ್ಕದ್ದು. ಎರಡೂ ಒಂದೇ ತಂತಿಯಲ್ಲಿ, ಹತ್ತು ಮೈಕ್ರೋಸೆಕೆಂಡಿನ ಅಂತರದಲ್ಲಿ ಬರುತ್ತವೆ. ಅದಕ್ಕೇ ಆಂಪ್ಲಿಫೈಯರಿನ ಮುಂದೆ 1 ಕಿಲೋಓಮ್ ರೆಸಿಸ್ಟರ್, ಹಿಂದು ಮುಂದಾಗಿ ಎರಡು 1ಎನ್4148 ಡಯೋಡ್. 400 ವೋಲ್ಟ್ ಅಲ್ಲಿಗೆ ಬರುವಷ್ಟರಲ್ಲಿ ಒಂದು ವೋಲ್ಟಿನ ಆಸುಪಾಸಿಗೆ ಇಳಿದಿರುತ್ತದೆ. ಬೋರ್ಡ್ ಆನ್ ಇರುವಾಗ ಕಾಯಿಲ್‌ನ ಪಿನ್‌ಗಳನ್ನು ಕೈಯಿಂದ ಮುಟ್ಟಬೇಡಿ. ಆಸಿಲೋಸ್ಕೋಪ್ (ವೋಲ್ಟೇಜನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಹಚ್ಚುವಾಗ 10 ಪಟ್ಟು ತಗ್ಗಿಸುವ ಪ್ರೋಬ್ ಕಡ್ಡಾಯ.

ಆಂಪ್ಲಿಫೈಯರಿಗೆ ಎನ್ಇ5534 ಚಿಪ್. ಇದರಲ್ಲಿ ಒಂದೇ ಹಂತದಲ್ಲಿ ಸಾವಿರ ಪಟ್ಟು ಗೇನ್ ತೆಗೆದರೆ ಬ್ಯಾಂಡ್‌ವಿಡ್ತ್ 10 ಕಿಲೋಹರ್ಟ್ಸ್ ಹತ್ತಿರಕ್ಕೆ ಕುಸಿಯುತ್ತದೆ, ಅಂದರೆ ಅದು ನಿಧಾನವಾಗುತ್ತದೆ. ಮೊದಲ ಹೊಡೆತದಿಂದ ಅದು ಚೇತರಿಸಿಕೊಳ್ಳುವಷ್ಟರಲ್ಲಿ ನಮ್ಮ ಅಮೂಲ್ಯ ಮೈಕ್ರೋಸೆಕೆಂಡುಗಳು ಕಳೆದುಹೋಗಿರುತ್ತವೆ. ಆದ್ದರಿಂದ ಎರಡು ಹಂತ ಮಾಡಿದೆ, ಒಂದೊಂದರಲ್ಲೂ 30 ಪಟ್ಟು. ಒಟ್ಟು 900. ಬ್ಯಾಟರಿಯ ಪ್ಲಸ್ ತುದಿಯನ್ನೇ ಆಂಪ್ಲಿಫೈಯರಿನ ಸೊನ್ನೆ ಎಂದು ಇಟ್ಟುಕೊಂಡು, ಅದರ ಮೇಲಿನ ವೋಲ್ಟೇಜಿಗೆ ಬೇರೆಯೇ ಒಂದು 9 ವೋಲ್ಟ್ ಬ್ಯಾಟರಿ ಹಾಕಿದೆ. ಸ್ವಿಚಿಂಗ್ ಕನ್ವರ್ಟರ್ ಹಾಕಿದ್ದರೆ ಒಂದು ಬ್ಯಾಟರಿ ಉಳಿಯುತ್ತಿತ್ತು, ಆದರೆ ಅದರ ಗದ್ದಲವನ್ನು ಇಂಥ ಸೂಕ್ಷ್ಮ ಜಾಗಕ್ಕೆ ಬಿಟ್ಟುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಸಿಗ್ನಲನ್ನು ಎರಡು ಸಲ ಅಳೆಯಬೇಕು. ಮೊದಲನೆಯದು ಕರೆಂಟ್ ಕಡಿದ ಹತ್ತು ಚಿಲ್ಲರೆ ಮೈಕ್ರೋಸೆಕೆಂಡಿಗೆ, ಎರಡನೆಯದು ಸುಮಾರು 250 ಮೈಕ್ರೋಸೆಕೆಂಡಿಗೆ. ಭೂಮಿಗೇ ಒಂದು ಕಾಂತಕ್ಷೇತ್ರ ಇದೆಯಲ್ಲ, ಕಾಯಿಲನ್ನು ಅದರಲ್ಲಿ ಆಡಿಸಿದರೆ ಸಾಕು, ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದು ನಿಧಾನದ್ದು, ಎರಡೂ ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಅದು ಹೋಗಿ ಲೋಹದ ಸಿಗ್ನಲ್ ಮಾತ್ರ ಉಳಿಯುತ್ತದೆ. ವಿದ್ಯುತ್ ಲೈನುಗಳ ಗುಂಯ್‌ಗುಡುವಿಕೆಯೂ ಬಹುಪಾಲು ಇದರಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಪಲ್ಸಿನ ವೇಗ ಬದಲಿಸಲು ಒಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಇಟ್ಟಿದ್ದೇನೆ. ಲೈನಿನ 50 ಅಥವಾ 60 ಹರ್ಟ್ಸ್‌ನ ಗುಣಕದ ತೀರಾ ಹತ್ತಿರ ನಿಂತರೆ ಸ್ವರ ತೂರಾಡುತ್ತದೆ. ಪ್ರಿಸೆಟನ್ನು ಒಂಚೂರು ತಿರುಗಿಸಿದರೆ ನಿಲ್ಲುತ್ತದೆ.

ಕಾಯಿಲ್

ಈಗ ನಿಜವಾದ ಕೆಲಸ. ಗುರಿ 300 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ಕಾಯಿಲ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ), ಅಡ್ಡಳತೆ 19 ಸೆಂಟಿಮೀಟರ್. ನಾಣ್ಯದಷ್ಟು ದೊಡ್ಡ ವಸ್ತುವಿಗೆ ಕಾಯಿಲ್‌ನ ಅಡ್ಡಳತೆಯಷ್ಟೇ ಆಳ ಸಿಗುತ್ತದೆ ಅನ್ನುವುದು ಒರಟು ಅಂದಾಜು. ಇನ್ನೂ ದೊಡ್ಡ ಕಾಯಿಲ್ ಮಾಡಿದರೆ ದೊಡ್ಡ ವಸ್ತು ಆಳದಲ್ಲಿ ಸಿಗುತ್ತದೆ, ಆದರೆ ಸಣ್ಣ ನಾಣ್ಯದ ಸಿಗ್ನಲ್ ಕ್ಷೀಣವಾಗುತ್ತದೆ.

ಬೇಕೆಂದೇ ಎರಡು ಕಾಯಿಲ್ ಸುತ್ತಿದೆ, ಹೋಲಿಸಿ ನೋಡಲು. ಒಂದು ಎಲ್ಲರೂ ಬಳಸುವ, ತೆಳು ಎನಾಮಲ್ ಲೇಪದ 0.5 ಮಿಲಿಮೀಟರ್ ವೈಂಡಿಂಗ್ ವೈರಿನದ್ದು. ಇನ್ನೊಂದು ಪ್ಲಾಸ್ಟಿಕ್ ಹೊದಿಕೆಯ ಸಾಮಾನ್ಯ ಹುಕ್‌ಅಪ್ ವೈರಿನದ್ದು, ಒಳಗೆ ಏಳು ಎಳೆ. ಮರದ ಹಲಗೆಯ ಮೇಲೆ ವೃತ್ತ ಗೀಚಿ, ಅದರ ಗುಂಟ ಮೊಳೆ ಹೊಡೆದು, ಮೊಳೆಗಳಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ ಸುತ್ತಿದೆ. ವೈಂಡಿಂಗ್ ವೈರಿಗೆ 24 ಸುತ್ತು ಸಾಕಾಯಿತು. ಹೊದಿಕೆ ಇರುವ ವೈರಿನ ಕಟ್ಟು ದಪ್ಪ ಆಗುತ್ತದೆ, ಕಟ್ಟು ದಪ್ಪ ಆದಷ್ಟೂ ಇಂಡಕ್ಟೆನ್ಸ್ ಇಳಿಯುತ್ತದೆ. ಅದಕ್ಕೆ 27 ಸುತ್ತು ಬೇಕಾಯಿತು. ಎರಡರಲ್ಲೂ ವೈರಿನ ಉದ್ದ 14ರಿಂದ 16 ಮೀಟರ್, ರೆಸಿಸ್ಟೆನ್ಸ್ ಒಂದೂಕಾಲು ಓಮಿನಿಂದ ಒಂದೂವರೆ ಓಮಿನೊಳಗೆ.

ಎರಡಕ್ಕೂ ಇಂಡಕ್ಟೆನ್ಸ್ ಒಂದೇ ಇದ್ದ ಮೇಲೆ ವ್ಯತ್ಯಾಸ ಏನು? ಕೆಪಾಸಿಟೆನ್ಸ್, ಅಂದರೆ ಸುತ್ತುಗಳ ನಡುವೆ ವಿದ್ಯುತ್ ಚಾರ್ಜ್ ಕೂಡಿಟ್ಟುಕೊಳ್ಳುವ ಗುಣ. ಅಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ಹತ್ತಿರ ಇದ್ದಷ್ಟೂ ಅದು ಜಾಸ್ತಿ. ಅದನ್ನು ಅಳೆಯಲು ಸಿಗ್ನಲ್ ಜನರೇಟರಿಗೆ ಒಂದೇ ಸುತ್ತಿನ ತಂತಿ ಹಚ್ಚಿ ಕಾಯಿಲ್‌ನ ಹತ್ತಿರ ಇಟ್ಟೆ. ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ ಒಂದು ಕಡೆ ಕಾಯಿಲ್‌ನ ವೋಲ್ಟೇಜ್ ಎದ್ದು ಕಾಣುತ್ತದೆ. ಅದೇ ಅದರ ಸ್ವಂತ ರೆಸೊನೆನ್ಸ್. ವೈಂಡಿಂಗ್ ವೈರಿನ ಕಾಯಿಲ್ 600 ಕಿಲೋಹರ್ಟ್ಸ್ ಹತ್ತಿರ ಎದ್ದಿತು. ಹೊದಿಕೆ ಇರುವ ವೈರಿನದ್ದು 900 ಹತ್ತಿರ. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸುಮಾರು 235 ಪೈಕೋಫ್ಯಾರಡ್, ಎರಡನೆಯದರಲ್ಲಿ ನೂರು ಚಿಲ್ಲರೆ. ಅರ್ಧಕ್ಕಿಂತ ಕಡಿಮೆ! ಬರೀ ವೈರಿನ ಹೊದಿಕೆಯಿಂದ.

ಈ ಕೆಪಾಸಿಟೆನ್ಸ್ ಯಾಕೆ ಮುಖ್ಯ ಅಂದರೆ, ಕರೆಂಟ್ ಕಡಿದ ಕೂಡಲೇ ಕಾಯಿಲ್ ತನ್ನ ರೆಸೊನೆನ್ಸ್‌ನಲ್ಲಿ ಮೊಳಗಲು ಶುರುಮಾಡುತ್ತದೆ. ಬಾರಿಸಿದ ಗಂಟೆಯನ್ನು ಕೈಯಲ್ಲಿ ಹಿಡಿದರೆ ಸದ್ದು ನಿಲ್ಲುತ್ತದಲ್ಲ, ಹಾಗೆ ಅದನ್ನು ಹಿಡಿದು ನಿಲ್ಲಿಸಲು ಕಾಯಿಲ್‌ಗೆ ಅಡ್ಡಲಾಗಿ ಒಂದು ಡ್ಯಾಂಪಿಂಗ್ ರೆಸಿಸ್ಟರ್ ಹಾಕುತ್ತೇವೆ. ಅದರ ಓಮ್ ಬೆಲೆ ಜಾಸ್ತಿ ಆದರೆ ಮೊಳಗು ನಿಲ್ಲುವುದಿಲ್ಲ, ಕಡಿಮೆ ಆದರೆ ವೋಲ್ಟೇಜ್ ನಿಧಾನವಾಗಿ ತೆವಳುತ್ತಾ ಇಳಿಯುತ್ತದೆ. ಸರಿಯಾದ ಬೆಲೆ ಇಂಡಕ್ಟೆನ್ಸನ್ನು ಕೆಪಾಸಿಟೆನ್ಸಿನಿಂದ ಭಾಗಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿದರೆ ಬರುವುದು. ಕಾಯಿಲ್‌ನ ಜೊತೆಗೆ ಕೇಬಲ್ಲಿನ ಕೆಪಾಸಿಟೆನ್ಸ್, ಮಾಸ್‌ಫೆಟ್‌ನದ್ದು ಎರಡನ್ನೂ ಕೂಡಿಸಬೇಕು. ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಮೀಟರಿಗೆ 100 ಪೈಕೋಫ್ಯಾರಡ್ ಆಸುಪಾಸು ಇರುತ್ತದೆ. ಕೇಬಲ್ ಉದ್ದ ಸುಮ್ನೆ ಜಾಸ್ತಿ ಬಿಡಬಾರದು ಅನ್ನುವುದು ಇದಕ್ಕೇ.

ನನ್ನ ಲೆಕ್ಕದಲ್ಲಿ ಮೊದಲ ಕಾಯಿಲ್‌ಗೆ 415 ಓಮ್ ಹತ್ತಿರ, ಎರಡನೆಯದಕ್ಕೆ 500 ಓಮ್ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ. ಡಯೋಡುಗಳು ಕರೆಂಟ್ ಹರಿಸುತ್ತಿರುವಷ್ಟು ಹೊತ್ತು ಆಂಪ್ಲಿಫೈಯರಿನ ಮುಂದಿರುವ ಆ 1 ಕಿಲೋಓಮ್ ಕೂಡ ಕಾಯಿಲ್‌ಗೆ ಅಡ್ಡಲಾಗಿಯೇ ಇದ್ದ ಹಾಗೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಾಕಬೇಕಾದ ರೆಸಿಸ್ಟರ್ ಮೊದಲನೆಯದಕ್ಕೆ 680 ಓಮ್, ಎರಡನೆಯದಕ್ಕೆ 1 ಕಿಲೋಓಮ್. ಆಸಿಲೋಸ್ಕೋಪಿನಲ್ಲಿ ನೋಡುತ್ತಾ, ಡ್ಯಾಂಪಿಂಗ್ ರೆಸಿಸ್ಟರಿನ ಜಾಗದಲ್ಲಿಟ್ಟ ಪ್ರಿಸೆಟ್ ತಿರುಗಿಸಿದಾಗ ಒಳ್ಳೆಯ ಗೆರೆ ಕಂಡದ್ದೂ ಅಲ್ಲೇ. ಲೆಕ್ಕ ಮತ್ತು ಪರದೆ ಒಂದೇ ಮಾತು ಹೇಳಿದಾಗ ಆಗುವ ಖುಷಿಯೇ ಬೇರೆ.

ಆ ಗೆರೆಯನ್ನು ಹೇಗೆ ನೋಡಬೇಕು ಅನ್ನುವುದನ್ನೂ ಹೇಳುತ್ತೇನೆ. ಪ್ರೋಬನ್ನು ಕಾಯಿಲ್‌ಗೆ ಹಚ್ಚಬೇಡಿ, ಪ್ರೋಬಿನದ್ದೇ ಕೆಪಾಸಿಟೆನ್ಸ್ ಸೇರಿ ಲೆಕ್ಕ ಕೆಡುತ್ತದೆ. ಮೊದಲ ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ನೋಡಿ. ರೆಸಿಸ್ಟೆನ್ಸ್ ಜಾಸ್ತಿ ಇದ್ದಾಗ ಗೆರೆ ಸೊನ್ನೆಯನ್ನು ದಾಟಿ ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ನಿಧಾನವಾಗಿ ಕಡಿಮೆ ಮಾಡುತ್ತಾ ಬನ್ನಿ. ಆ ಕೆಳಗಿನ ಹಳ್ಳ ಮಾಯವಾಗುವ ಕ್ಷಣಕ್ಕೆ ನಿಲ್ಲಿಸಿ, ಅಲ್ಲಿಂದ ಮುಂದೆ ಹೋಗಬೇಡಿ. ಈ ಕೆಲಸ ಮಾಡುವಾಗ ಕಾಯಿಲನ್ನು ಮೇಜಿನಿಂದ ದೂರ, ಗಾಳಿಯಲ್ಲಿ ತೂಗುಹಾಕಬೇಕು. ಮೇಜಿನ ಸ್ಕ್ರೂ ಕೂಡ ಸಿಗ್ನಲ್ ಕೊಡುತ್ತದೆ.

ಫಲಿತಾಂಶ ಏನಾಯಿತು? ವೈಂಡಿಂಗ್ ವೈರಿನ ಕಾಯಿಲ್‌ನಲ್ಲಿ 17 ಮೈಕ್ರೋಸೆಕೆಂಡಿಗೆ ಮುಂಚೆ ಅಳೆಯಲು ಆಗಲಿಲ್ಲ. ಹೊದಿಕೆ ಇರುವುದರಲ್ಲಿ 11ಕ್ಕೇ ಅಳೆಯಬಹುದಿತ್ತು. ಆರು ಮೈಕ್ರೋಸೆಕೆಂಡಿನಲ್ಲಿ ಏನು ಮಹಾ ಅನ್ನಿಸಬಹುದು. ಗಾಳಿಯಲ್ಲಿ ಪರೀಕ್ಷೆ ಮಾಡಿದೆ. ದಪ್ಪ ತಾಮ್ರದ ನಾಣ್ಯ ಮೊದಲು 22 ಸೆಂಟಿಮೀಟರಿಗೆ ಸಿಗುತ್ತಿತ್ತು, ಈಗ 23ಕ್ಕೆ. ಅಂದರೆ ವ್ಯತ್ಯಾಸ ಇಲ್ಲ ಅಂತಲೇ ಅನ್ನಿ. ತಾಮ್ರ ಒಳ್ಳೆಯ ವಾಹಕ, ದಪ್ಪ ನಾಣ್ಯದಲ್ಲಿ ಎಡ್ಡಿ ಕರೆಂಟ್ ನೂರಾರು ಮೈಕ್ರೋಸೆಕೆಂಡ್ ಉಳಿಯುತ್ತದೆ. ಅದಕ್ಕೆ ಆರು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ತೆಳ್ಳನೆಯ ಕಂಚಿನ ಗುಂಡಿ 9ರಿಂದ 12ಕ್ಕೆ ಹೋಯಿತು. ಕಂಚಿನ ವಾಹಕತೆ ಕಡಿಮೆ, ತೆಳು ಬೇರೆ. ಅದರ ಸಿಗ್ನಲ್ ಹುಟ್ಟಿದ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಸಾಯುತ್ತದೆ. 17ರವರೆಗೆ ಕಾದರೆ ಕೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಹಳೇ ವಸ್ತುಗಳಲ್ಲಿ ಹೆಚ್ಚಿನವು ಇಂಥವೇ ಅಲ್ವಾ: ಗುಂಡಿ, ಬಕಲ್, ಸಣ್ಣ ಮಿಶ್ರಲೋಹದ ಕಾಸು. ಆ ಮೂರು ಸೆಂಟಿಮೀಟರಿಗಾಗಿಯೇ ನಾನು ಎರಡನೇ ಕಾಯಿಲನ್ನು ಆರಿಸಿಕೊಂಡೆ.

ಶೀಲ್ಡ್ ಮತ್ತು ಎಪಾಕ್ಸಿ

ಶೀಲ್ಡ್ ಇಲ್ಲದ ಕಾಯಿಲನ್ನು ಒದ್ದೆ ಹುಲ್ಲಿಗೆ ತಾಗಿಸಿದರೆ ಸಾಕು, ಯಂತ್ರ ಚೀರುತ್ತದೆ. ಕೈ ಹತ್ತಿರ ತಂದರೂ ಅಷ್ಟೇ. ಅದು ಕೆಪಾಸಿಟೆನ್ಸಿನ ಪರಿಣಾಮ, ಲೋಹದ್ದಲ್ಲ. ತಡೆಯಲು ಕಾಯಿಲ್ ಸುತ್ತ ವಿದ್ಯುತ್ ಹರಿಯುವ ಒಂದು ಪದರ ಬೇಕು, ಅದನ್ನು ಸರ್ಕ್ಯೂಟಿನ ಸೊನ್ನೆಗೆ ಸೇರಿಸಬೇಕು. ಆದರೆ ಆ ಪದರವೂ ಲೋಹವೇ ಆದರೆ ಅದರಲ್ಲೂ ಎಡ್ಡಿ ಕರೆಂಟ್ ಹುಟ್ಟುತ್ತದೆ. ಅಲ್ಯೂಮಿನಿಯಂ ಫಾಯಿಲ್ ತುಂಬ ತೆಳು ಇದ್ದರೆ ನಡೆಯುತ್ತದೆ. ನಾನು ಗ್ರಾಫೈಟ್ ಪುಡಿ ಬೆರೆಸಿದ ಬಣ್ಣ ಬಳಿದೆ. ಅದರ ರೆಸಿಸ್ಟೆನ್ಸ್ ಜಾಸ್ತಿ, ಎಡ್ಡಿ ಕರೆಂಟ್ ಹುಟ್ಟಿದ ಕೂಡಲೇ ಸಾಯುತ್ತದೆ, ನಮ್ಮ ಅಳತೆಯ ಹೊತ್ತಿಗೆ ಅದರ ಸುಳಿವೂ ಇರುವುದಿಲ್ಲ.

ಕಾಯಿಲ್‌ಗೂ ಶೀಲ್ಡಿಗೂ ನಡುವೆ ಎರಡು ಮಿಲಿಮೀಟರ್ ದಪ್ಪದ ಫೋಮ್ ಸುರುಳಿ ಸುತ್ತಿದೆ. ಶೀಲ್ಡ್ ನೇರವಾಗಿ ವೈರಿಗೆ ಅಂಟಿದರೆ ಕಷ್ಟಪಟ್ಟು ಇಳಿಸಿದ ಕೆಪಾಸಿಟೆನ್ಸ್ ಎಲ್ಲ ವಾಪಸ್ ಬರುತ್ತದೆ. ಇನ್ನೊಂದು ಮುಖ್ಯ ವಿಷಯ: ಶೀಲ್ಡ್ ಪೂರ್ತಿ ಉಂಗುರ ಆಗಬಾರದು. ಒಂದು ಕಡೆ ಒಂದು ಸೆಂಟಿಮೀಟರ್ ಖಾಲಿ ಬಿಡಬೇಕು. ಇಲ್ಲದಿದ್ದರೆ ಅದೇ ಒಂದು ಮುಚ್ಚಿದ ಸುತ್ತಾಗಿ ಕೂರುತ್ತದೆ.

ಎಲ್ಲವನ್ನೂ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿ ಎಪಾಕ್ಸಿ ಅಂಟು ಸುರಿದೆ. ಇದು ಬರೀ ನೀರು ತಡೆಯಲು ಅಲ್ಲ. ಸುತ್ತುಗಳು ಒಂದಕ್ಕೊಂದು ಸಡಿಲ ಇದ್ದರೆ ಕಲ್ಲಿಗೆ ತಾಗಿದಾಗೆಲ್ಲ ಸುಳ್ಳು ಸದ್ದು ಬರುತ್ತದೆ. ಎಪಾಕ್ಸಿಯನ್ನು ಒಂದೇ ಸಲ ಸುರಿಯದೆ ತೆಳ್ಳಗೆ ಪದರ ಪದರವಾಗಿ ಸುರಿಯಬೇಕು. ದಪ್ಪಗೆ ಸುರಿದರೆ ಗಟ್ಟಿಯಾಗುವಾಗ ಬಿಸಿ ಏರಿ ಬಟ್ಟಲು ಸೊಟ್ಟಗಾಗುತ್ತದೆ. ಸುರಿದ ಮೇಲೆ ಡ್ಯಾಂಪಿಂಗ್ ಇನ್ನೊಮ್ಮೆ ನೋಡಿಕೊಳ್ಳಿ, ಕೆಪಾಸಿಟೆನ್ಸ್ ಸ್ವಲ್ಪ ಏರಿರುತ್ತದೆ.

ಕೋಲು

ಕಾಯಿಲ್‌ನ ಹತ್ತಿರ ಲೋಹ ಇರಲೇಬಾರದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ, ದೇಹದಲ್ಲಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಇಂಡಕ್ಷನ್ ಯಂತ್ರ ಮಾಡಿಕೊಂಡು ಬಂದಿದ್ದರು. ಯಂತ್ರ ಬೇರೆಡೆ ಚೆನ್ನಾಗಿ ಕೆಲಸ ಮಾಡಿತ್ತು. ಅಲ್ಲಿ ಗುಂಡು ಸಿಗಲಿಲ್ಲ. ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಅಡ್ಡಬಂದಿದ್ದವು. ವೈದ್ಯರು ದೇಹದ ಒಂದೇ ಪಕ್ಕ ಹುಡುಕಲು ಬಿಟ್ಟದ್ದೂ ಒಂದು ಕಾರಣ. ಡಿಟೆಕ್ಟರ್ ಕಟ್ಟುವಾಗೆಲ್ಲ ನನಗೆ ಆ ಸ್ಪ್ರಿಂಗುಗಳ ನೆನಪಾಗುತ್ತದೆ.

ಆದ್ದರಿಂದ ಕೆಳಗಿನ ಅರ್ಧ ಪಿವಿಸಿ ಪೈಪ್, ಕಾಯಿಲ್ ಹಿಡಿಯುವ ಬೋಲ್ಟ್ ಮತ್ತು ನಟ್ ನೈಲಾನಿನವು, ನಡುವೆ ರಬ್ಬರ್ ವಾಷರ್. ಮೇಲಿನ ಅರ್ಧಕ್ಕೆ ಅಲ್ಯೂಮಿನಿಯಂ ಪರವಾಗಿಲ್ಲ, ಅದು ಕಾಯಿಲ್‌ನಿಂದ ಸಾಕಷ್ಟು ದೂರ ಇರುತ್ತದೆ. ಬ್ಯಾಟರಿ ಡಬ್ಬಿಯನ್ನು ಮೊಣಕೈಯ ಹಿಂದೆ ಕಟ್ಟಿದೆ. ಹಾಗೆ ಮಾಡಿದರೆ ಕಾಯಿಲ್‌ನ ಭಾರಕ್ಕೆ ಸಮತೂಕ ಸಿಗುತ್ತದೆ, ಮಣಿಕಟ್ಟು ನೋಯುವುದಿಲ್ಲ. ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು. ಅದು ಜೋಲಾಡಿದರೆ ಪ್ರತಿ ಬೀಸಿಗೂ ಸ್ವರ ಅಲುಗಾಡುತ್ತದೆ.

ನೆಲದ ಮೇಲೆ

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸಂರಕ್ಷಿತ ಸ್ಮಾರಕಗಳ ಹತ್ತಿರ ಯಂತ್ರ ತೆಗೆದುಕೊಂಡು ಹೋಗಲೇಬಾರದು. ಬೇರೆ ಜಾಗದಲ್ಲೂ ಕಾನೂನಿಗೆ ಬೇಕಾದ ಪರವಾನಗಿ, ನೆಲದ ಮಾಲೀಕರ ಒಪ್ಪಿಗೆ ಎರಡೂ ಮೊದಲೇ ಕೈಯಲ್ಲಿರಬೇಕು. ಯುದ್ಧ ನಡೆದ ನೆಲವಾದರೆ ಇನ್ನೂ ಎಚ್ಚರ: ತುಕ್ಕು ಹಿಡಿದ ದೊಡ್ಡ ಲೋಹ ಕಂಡರೆ ಅಗೆಯುವುದು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿ.

ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ, ತಾಗುವಷ್ಟು ಹತ್ತಿರ ಬೀಸಬೇಕು. ಬೀಸಿನ ಕೊನೆಯಲ್ಲಿ ಕೈ ತಾನಾಗಿ ಮೇಲೇಳುತ್ತದೆ, ಅಲ್ಲೇ ಆಳ ಕಳೆದುಹೋಗುವುದು. ಸದ್ದು ಬಂದ ಕಡೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬೀಸಿ. ಎರಡೂ ಗೆರೆ ಕೂಡುವಲ್ಲಿ ವಸ್ತು ಇರುತ್ತದೆ. ಹೀಗೆ ತಿರುಗಿ ಬೀಸುವಾಗ ಒಂದು ಉಪಕಾರವೂ ಇದೆ. ಉದ್ದನೆಯ ಮೊಳೆಯ ಗುಂಟ ಬೀಸಿದರೆ ಹಲವು ಸಲ ಎರಡು ಸದ್ದು ಬರುತ್ತದೆ, ಅಡ್ಡ ಬೀಸಿದರೆ ಒಂದು. ನಾಣ್ಯಕ್ಕೆ ಯಾವ ಕಡೆಯಿಂದಲೂ ಒಂದೇ. ಯಂತ್ರ ಹೇಳದ ವಿಷಯವನ್ನು ಕಿವಿ ಸ್ವಲ್ಪ ಮಟ್ಟಿಗೆ ಹೀಗೆ ಹಿಡಿಯಬಹುದು. ಆದರೂ ಮೊಳೆಗಳು ಬೇಕಾದಷ್ಟು ಸಿಗುತ್ತವೆ. ಸಿಕ್ಕ ಮೊಳೆಯನ್ನು ಅಲ್ಲೇ ಎಸೆಯದೆ ಜೇಬಿಗೆ ಹಾಕಿಕೊಂಡರೆ ಆ ಜಾಗ ಮುಂದಿನ ಸಲಕ್ಕೆ ಸ್ವಚ್ಛ.

ಅಗೆಯುವಾಗ ಹುಲ್ಲನ್ನು ಬೇರು ಸಮೇತ ಮೂರು ಕಡೆ ಕತ್ತರಿಸಿ, ನಾಲ್ಕನೇ ಕಡೆ ಹಾಗೇ ಬಿಟ್ಟು ಮುಚ್ಚಳದ ಹಾಗೆ ಎತ್ತುತ್ತೇನೆ. ತೆಗೆದ ಮಣ್ಣನ್ನು ಬಟ್ಟೆಯ ಮೇಲೆ ಹಾಕಿ, ಕಾಯಿಲನ್ನು ಅದರ ಮೇಲೂ ಆಡಿಸಬೇಕು. ಎಷ್ಟೋ ಸಲ ನಾಣ್ಯ ಅಗೆದ ಗುಂಡಿಯಲ್ಲಿ ಇರುವುದಿಲ್ಲ, ಆಗಲೇ ಮಣ್ಣಿನ ಹೆಂಟೆಯೊಳಗೆ ಹೊರಗೆ ಬಂದಿರುತ್ತದೆ.

ಈ ಯಂತ್ರಕ್ಕೆ ಸಿಕ್ಕ ಮೊದಲ ಒಳ್ಳೆಯ ವಸ್ತು ಒಂದು ತಾಮ್ರದ ಕಾಸು. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಆಳದಲ್ಲಿ ಅಂಚಿನ ಮೇಲೆ ನಿಂತಿತ್ತು, ಆದ್ದರಿಂದ ಸದ್ದು ಕ್ಷೀಣ. ಅಂಚಿನ ಮೇಲೆ ನಿಂತ ನಾಣ್ಯಕ್ಕೆ ಕಾಯಿಲ್ ನೇರ ಮೇಲೆ ಬಂದಾಗ ಸಿಗ್ನಲ್ ಕಡಿಮೆಯೇ. ಒಂದು ಮುಖ ಪೂರ್ತಿ ಸವೆದಿದೆ. ಇನ್ನೊಂದರಲ್ಲಿ ಅಂಚಿನ ಚುಕ್ಕೆಗಳ ಸಾಲು ಅರ್ಧ ವೃತ್ತದಷ್ಟು ಉಳಿದಿದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಮಧ್ಯದಲ್ಲಿ ಏನೋ ಅಕ್ಷರದ ಕೊಕ್ಕೆ ಕಾಣುತ್ತದೆ. ಮೇಲೆಲ್ಲ ನುಣುಪಾದ ಗಾಢ ಹಸಿರು ಪದರ. ಆ ಪದರವೇ ನಾಣ್ಯವನ್ನು ಇಷ್ಟು ಕಾಲ ಕಾಪಾಡಿರುವುದು. ಉಜ್ಜಿ ಹೊಳಪು ಬರಿಸಿದರೆ ಉಳಿದ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಮಣ್ಣು ತಾನಾಗಿ ಬಿಟ್ಟಷ್ಟು ಬಿಡಲಿ ಎಂದು ಬಿಟ್ಟಿದ್ದೇನೆ. ತಿಳಿ ಹಸಿರು ಪುಡಿ ಏಳುತ್ತಿದೆಯೇ ಎಂದು ಮಾತ್ರ ಆಗಾಗ ನೋಡಬೇಕು. ಅದು ಕ್ಲೋರೈಡಿನಿಂದ ಬರುವ ರೋಗ, ತೇವ ಸಿಕ್ಕರೆ ನಾಣ್ಯವನ್ನು ಒಳಗಿನಿಂದ ತಿನ್ನುತ್ತದೆ. ಅಂಥ ಪುಡಿ ಕಂಡರೆ ಅದನ್ನು ಬೇರೆ ನಾಣ್ಯಗಳಿಂದ ದೂರ, ಒಣ ಡಬ್ಬಿಯಲ್ಲಿಟ್ಟು ತಿಳಿದವರಿಗೆ ತೋರಿಸಬೇಕು.

ಒಂದೇ ಕಡೆ ಹಲವು ವಸ್ತು ಸಿಗಲು ಶುರುವಾದರೆ ಅಗೆಯುವುದನ್ನು ನಿಲ್ಲಿಸಿ. ಇಂಗ್ಲೆಂಡಿನ ಸಫೋಕ್‌ನ ಹಾಕ್ಸನ್ ಅನ್ನುವ ಹಳ್ಳಿಯಲ್ಲಿ 1992ರಲ್ಲಿ ಎರಿಕ್ ಲಾಸ್ ಅನ್ನುವವರು ಕಳೆದುಹೋದ ಸುತ್ತಿಗೆ ಹುಡುಕುತ್ತಿದ್ದಾಗ ರೋಮನ್ ಕಾಲದ ನಾಣ್ಯಗಳು ಸಿಕ್ಕವು. ಅವರು ಎಲ್ಲವನ್ನೂ ಬಾಚಿಕೊಳ್ಳಲಿಲ್ಲ. ಸ್ವಲ್ಪ ತೆಗೆದು, ನಿಲ್ಲಿಸಿ, ತಿಳಿಸಬೇಕಾದವರಿಗೆ ತಿಳಿಸಿದರು. ಪುರಾತತ್ವದವರ ತಂಡ ಬಂದು ಜೋಪಾನವಾಗಿ ಅಗೆಯಿತು. ಸುಮಾರು 15 ಸಾವಿರ ನಾಣ್ಯ, ಚಿನ್ನದ ಒಡವೆ, ಬೆಳ್ಳಿಯ ಸಾಮಾನು ಸಿಕ್ಕಿತು. ಅದಕ್ಕಿಂತ ದೊಡ್ಡ ವಿಷಯ, ಅವನ್ನು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರು ಅನ್ನುವುದೂ ತಿಳಿಯಿತು. ಪೆಟ್ಟಿಗೆಯ ಮರ ಕೊಳೆತುಹೋಗಿತ್ತು, ಕೀಲು ಬೀಗಗಳು ಬಿದ್ದ ಜಾಗದಿಂದಲೇ ಅದನ್ನು ಓದಿದರು. ಎಲ್ಲವನ್ನೂ ಗುದ್ದಲಿಯಿಂದ ಎತ್ತಿದ್ದರೆ ಆ ಓದು ಸಾಧ್ಯವೇ ಇರಲಿಲ್ಲ. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನೆಲದಲ್ಲಿ ವಸ್ತು ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂದು ನಾನು ಪ್ರತಿ ಸಲ ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕೆ.

ಮುಂದೆ ದೊಡ್ಡದೊಂದು ಕಾಯಿಲ್ ಸುತ್ತುವ ಯೋಚನೆ ಇದೆ, ತೆರೆದ ಉತ್ತ ನೆಲಕ್ಕೆ. ಅದಕ್ಕೆ ಬೋರ್ಡಿನಲ್ಲಿ ಈಗಲೇ ಒಂದು ಬದಲಾವಣೆ ಮಾಡಿದ್ದೇನೆ. ಡ್ಯಾಂಪಿಂಗ್ ರೆಸಿಸ್ಟರನ್ನು ಬೋರ್ಡಿನಿಂದ ಬಿಚ್ಚಿ, ಕಾಯಿಲ್‌ನ ಕೇಬಲ್ ತುದಿಯ ಪ್ಲಗ್ಗಿನೊಳಗೆ ಸೋಲ್ಡರ್ ಮಾಡಿದೆ. ಪ್ರತಿ ಕಾಯಿಲ್‌ಗೂ ಅದರದ್ದೇ ಓಮ್ ಬೆಲೆ ಬೇಕು, ಅದು ಕಾಯಿಲ್‌ನ ಜೊತೆಗೇ ಇದ್ದರೆ ಬದಲಾಯಿಸುವಾಗ ಬೋರ್ಡ್ ತೆರೆಯುವ ಕೆಲಸ ಇಲ್ಲ. ಒಂದು ಷರತ್ತು: ಯಂತ್ರ ಆನ್ ಇರುವಾಗ ಪ್ಲಗ್ ಕೀಳಬಾರದು. ರೆಸಿಸ್ಟರಿಗೆ ಕನಿಷ್ಠ 1 ವಾಟ್ ತಾಳಿಕೆ ಇರಲಿ, ಹೀಟ್‌ಶ್ರಿಂಕ್ ಟ್ಯೂಬ್ ತೊಡಿಸಿ, 400 ವೋಲ್ಟ್ ಹಾಯುವ ಪಿನ್ ಮತ್ತು ಶೀಲ್ಡಿನ ಪಿನ್ ನಡುವೆ ಒಂದು ಪಿನ್ ಖಾಲಿ ಬಿಡಿ.